ಕೈ ಇಳಿಸಿ ನಿಂತವರ ಕಾಲಿನ ಲೆಕ್ಕ

ಹೊಡೆತದ ವರಸೆ ಕಲಿಯಲು ಬರುವ ಹುಡುಗರಲ್ಲಿ ಮಿಶ್ರ ಸಮರ ಕಲೆಯ ಆಟಗಾರ ಆ್ಯಂಡರ್ಸನ್ ಸಿಲ್ವಾ ಅವರ ವಿಡಿಯೊಗಳನ್ನು ನೋಡಿ ಬಂದವರನ್ನು ಮೊದಲ ದಿನವೇ ಗುರುತಿಸಬಹುದು. ಅವರ ಕೈಗಳೆರಡೂ ಸೊಂಟದ ಬಳಿ ತೂಗುತ್ತಿರುತ್ತವೆ. ತರಬೇತುದಾರನಾಗಿ ನಾನು ಅವರನ್ನು ಗದರುವುದಿಲ್ಲ. ಅದೇ ಪಂದ್ಯವನ್ನು ಮತ್ತೆ ಹಾಕಿ, ಈ ಸಲ ಸಿಲ್ವಾ ಅವರ ಸೊಂಟದಿಂದ ಕೆಳಗಿನ ಭಾಗವನ್ನಷ್ಟೇ ನೋಡಿ ಎನ್ನುತ್ತೇನೆ. ಬೇರೆಯವರ ಗಾರ್ಡ್, ಅಂದರೆ ರಕ್ಷಣೆ, ಮುಖದ ಮುಂದಿದ್ದರೆ ಸಿಲ್ವಾ ಅವರ ಗಾರ್ಡ್ ಪಾದಗಳಲ್ಲಿತ್ತು.

1975ರಲ್ಲಿ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ ಹುಟ್ಟಿ ಕುರಿಟಿಬಾದಲ್ಲಿ ಬೆಳೆದ ಸಿಲ್ವಾ, 2006ರ ಜೂನ್‌ನಲ್ಲಿ ಆ ಪಂದ್ಯಗಳನ್ನು ನಡೆಸುವ ಸಂಸ್ಥೆ ಯುಎಫ್‌ಸಿಯ ತಮ್ಮ ಮೊದಲ ಪಂದ್ಯದಲ್ಲೇ ಕ್ರಿಸ್ ಲೆಬೆನ್ ಅವರನ್ನು 49 ಸೆಕೆಂಡುಗಳಲ್ಲಿ ಉರುಳಿಸಿದರು. ಅದೇ ಅಕ್ಟೋಬರ್‌ನಲ್ಲಿ ರಿಚ್ ಫ್ರಾಂಕ್ಲಿನ್ ಅವರಿಂದ ಮಿಡಲ್‌ವೇಟ್ (ಮಧ್ಯಮ ತೂಕದ ವರ್ಗ) ಪಟ್ಟವನ್ನು ಕಸಿದು, 2013ರ ಜುಲೈವರೆಗೆ ಅದನ್ನು 10 ಬಾರಿ ಉಳಿಸಿಕೊಂಡರು. ಲೆಬೆನ್ ಪಂದ್ಯದಿಂದ ಹಿಡಿದು ಆವರೆಗೆ ಯುಎಫ್‌ಸಿಯಲ್ಲಿ ಅವರದು ಸತತ 16 ಗೆಲುವು.

ಫ್ರಾಂಕ್ಲಿನ್ ಅವರನ್ನು ಮಣಿಸಿದ್ದು ಥಾಯ್ಲೆಂಡಿನ ಕಾದಾಟದ ಕಲೆ ಮುಯ್ ಥಾಯ್‌ನ ಕ್ಲಿಂಚ್. ಎದುರಾಳಿಯ ತಲೆಯ ಹಿಂದೆ ಎರಡೂ ಅಂಗೈಗಳನ್ನು ಕೂಡಿಸಿ, ಮೊಣಕೈಗಳನ್ನು ಅವನ ಎದೆಗೆ ಒತ್ತಿ, ತಲೆಯನ್ನು ಕೆಳಕ್ಕೆ ಎಳೆದಾಗ ಅವನ ಭಾರವೆಲ್ಲ ಕಾಲ್ಬೆರಳುಗಳ ಮೇಲೆ ಬೀಳುತ್ತದೆ. ಹೆಜ್ಜೆ ಕಿತ್ತಿಡಲಾಗದ ಆ ಕ್ಷಣದಲ್ಲಿ ಮೊಣಕಾಲು ಮೇಲೇಳುತ್ತದೆ. ಅಂದು ಫ್ರಾಂಕ್ಲಿನ್ ಅವರ ಮೂಗು ಮುರಿಯಿತು. ಮರುವರ್ಷ ಅವರದೇ ಊರಾದ ಸಿನ್ಸಿನಾಟಿಯಲ್ಲಿ, ಆ ಹಿಡಿತ ಬರುವುದೆಂದು ಗೊತ್ತಿದ್ದೂ, ಅದೇ ಮೊಣಕಾಲುಗಳಿಗೆ ಸೋತರು. ಸಿಕ್ಕಿಬಿದ್ದವರು ಸಹಜವಾಗಿಯೇ ಹಿಂದಕ್ಕೆ ಜಗ್ಗುತ್ತಾರೆ. ಜಗ್ಗಿದಷ್ಟೂ ಮೊಣಕಾಲಿಗೆ ಜಾಗ ದೊರೆಯುತ್ತದೆ. ಬಿಡಿಸಿಕೊಳ್ಳಬೇಕಾದರೆ ಸೊಂಟವನ್ನು ಎದುರಾಳಿಗೆ ಅಂಟಿಸಿ ಬೆನ್ನನ್ನು ನೇರ ಮಾಡಬೇಕು, ಆದರೆ ಪೆಟ್ಟು ಬೀಳುತ್ತಿರುವಾಗ ಹತ್ತಿರ ಸರಿಯಲು ದೇಹ ಸುಲಭಕ್ಕೆ ಒಪ್ಪುವುದಿಲ್ಲ.

ಆದರೂ ನನ್ನ ಮಟ್ಟಿಗೆ ಅವರ ಕಲೆಯ ತಿರುಳು ಇರುವುದು 2009ರ ಆಗಸ್ಟ್‌ನಲ್ಲಿ ಫಿಲಡೆಲ್ಫಿಯಾದಲ್ಲಿ, ಒಂದು ತೂಕದ ವರ್ಗ ಮೇಲೆ ಹೋಗಿ ಫಾರೆಸ್ಟ್ ಗ್ರಿಫಿನ್ ಅವರನ್ನು ಎದುರಿಸಿದ ಪಂದ್ಯದಲ್ಲಿ. ಗ್ರಿಫಿನ್ ಅವರ ಮುಷ್ಟಿಗಳು ಮುಖಕ್ಕೆ ಕೂದಲೆಳೆಯಷ್ಟು ದೂರದಲ್ಲಿ ಮುಗಿಯುತ್ತಿದ್ದವು. ತಪ್ಪಿದ ಹೊಡೆತವು ಹೊಡೆದವನನ್ನೇ ಮುಂದಕ್ಕೆ ಎಳೆಯುತ್ತದೆ. ಭಾರ ಮುಂಗಾಲಿಗೆ ಬಂದವನು ತಕ್ಷಣ ಹಿಂದೆ ಸರಿಯಲಾರ. ಎಡಗೈ ಹಿಂದಿಟ್ಟು ನಿಲ್ಲುವ ಸೌತ್‌ಪಾ ಆದ ಸಿಲ್ವಾ, ಕೊನೆಗೆ ಹಿಂದಕ್ಕೆ ಸರಿಯುತ್ತಲೇ ಬಲಗೈಯ ಪುಟ್ಟ ಜಾಬ್ (ಮುಂದಿನ ಕೈಯ ನೇರ ಹೊಡೆತ) ಒಂದನ್ನು ಚಾಚಿದರು. ಅಷ್ಟು ಹಗುರವಾಗಿ ಕಂಡ ಪೆಟ್ಟಿಗೆ ಗ್ರಿಫಿನ್ ನೆಲಕ್ಕುರುಳಿದ್ದು ಏಕೆಂದರೆ, ಅದರ ಅರ್ಧ ಬಲವನ್ನು ನುಗ್ಗಿ ಬಂದ ಅವರ ದೇಹವೇ ಒದಗಿಸಿತ್ತು. 2011ರಲ್ಲಿ ವಿಟೊರ್ ಬೆಲ್ಫೋರ್ಟ್ ಅವರ ದವಡೆಗೆ ಬಿದ್ದ ಫ್ರಂಟ್ ಕಿಕ್ ಕೂಡ ಇದೇ ಅಳತೆಯ ಫಲ; ಹೊಟ್ಟೆಗೆ ಬರುವುದೆಂದು ಎಲ್ಲರೂ ನಂಬಿದ ಒದೆ ಎರಡು ಕೈಗಳ ನಡುವಿನಿಂದ ನೇರ ಮೇಲಕ್ಕೆ ಹೋಯಿತು.

ನೆಲದ ಮೇಲಿನ ಕಾದಾಟ ಅವರಿಗೆ ಅಷ್ಟು ಸುಲಭವಾಗಿರಲಿಲ್ಲ. 2010ರಲ್ಲಿ ಚೇಲ್ ಸೊನ್ನೆನ್ ನಾಲ್ಕು ಸುತ್ತು ಅವರನ್ನು ಕೆಡವಿ ಗುದ್ದಿದರು. ಐದನೆಯದರಲ್ಲಿ ಕೆಳಗೆ ಮಲಗಿದ್ದ ಸಿಲ್ವಾ ಕಾಲುಗಳಲ್ಲೇ ಕುತ್ತಿಗೆಯನ್ನೂ ಒಂದು ತೋಳನ್ನೂ ಸಿಕ್ಕಿಸಿ ಶರಣಾಗತಿ ಪಡೆದರು. ಬಿದ್ದರೂ ಬದುಕಬಲ್ಲೆನೆಂಬ ಧೈರ್ಯವಿದ್ದವನು ಮಾತ್ರ ನಿಂತಾಗ ನಿಶ್ಚಿಂತೆಯಿಂದ ಒದೆಯಬಲ್ಲ.

ಇನ್ನು 2013ರ ಜುಲೈ 6ರ ಸೋಲು. ಕೈ ಇಳಿಸಿ ಆಟವಾಡಿದ್ದಕ್ಕೆ ಸಿಕ್ಕ ಶಿಕ್ಷೆ ಎಂದು ಅದನ್ನು ಬಣ್ಣಿಸುವುದು ರೂಢಿ, ಆದರೆ ಆ ವಿವರಣೆ ನನಗೆ ಸಾಲದು. ಕೈ ಇಳಿಸಿ ಅವರು ಏಳು ವರ್ಷ ಗೆದ್ದಿದ್ದರು. ಅಂದು ಕ್ರಿಸ್ ವೈಡ್‌ಮನ್ ಬಲಗೈ ಬೀಸಿ, ಅದೇ ಬಲಗೈಯನ್ನು ಹಿಂಗೈಯಾಗಿ ವಾಪಸು ತಂದು, ಆಮೇಲೆ ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ಹೊಡೆದರು. ಆ ನಡುವಿನ ಹಿಂಗೈ ಯಾರೂ ಅಭ್ಯಾಸ ಮಾಡುವ ತಾಳದ್ದಲ್ಲ. ಸಿಲ್ವಾ ಸೊಂಟದಿಂದ ಮೇಲಷ್ಟೇ ಹಿಂದಕ್ಕೆ ವಾಲಿದರು. ಪಾದಗಳು ಅಕ್ಕಪಕ್ಕ ಒಂದೇ ಸಾಲಿನಲ್ಲಿ ನಿಂತುಬಿಟ್ಟಿದ್ದವು. ವಾಲುವಿಕೆ ಮುಗಿದ ಜಾಗದಲ್ಲಿ ಹುಕ್ ಗಲ್ಲವನ್ನು ತಲುಪಿತು. ಆಗ ಅವರಿಗೆ 38 ವರ್ಷ.

ಅದೇ ಡಿಸೆಂಬರ್‌ನ ಮರುಪಂದ್ಯದಲ್ಲಿ ಅವರ ಎಡಗಾಲಿನ ಲೋ ಕಿಕ್‌ಗೆ (ಎದುರಾಳಿಯ ಕಾಲಿಗೆ ಬೀಸುವ ಒದೆಗೆ) ವೈಡ್‌ಮನ್ ಮೊಣಕಾಲನ್ನು ಎತ್ತಿ ಒಡ್ಡಿದರು. ಮೊಣಕಾಲಿನ ಕೆಳಗಿನ ಮೂಳೆ ದಪ್ಪವಾಗಿರುತ್ತದೆ, ಒದೆಯುವವನ ಅದೇ ಮೂಳೆಯ ಕೆಳಭಾಗ ತೆಳ್ಳಗಿರುತ್ತದೆ. ಸಿಲ್ವಾ ಅವರ ಕಾಲಿನ ಎರಡೂ ಮೂಳೆಗಳು ಮುರಿದವು. ಲೋ ಕಿಕ್‌ಗೆ ಮೊದಲು ಮುಷ್ಟಿಯ ಹೊಡೆತದಿಂದ ಎದುರಾಳಿಯ ಭಾರವನ್ನು ಆ ಕಾಲಿನ ಮೇಲೆ ಕೂರಿಸಿ ಎಂದು ನಾನು ಪ್ರತಿದಿನ ಹೇಳುವುದು ಆ ದೃಶ್ಯವನ್ನು ಮರೆಯಲಾಗದ್ದರಿಂದ.

ಈಗ ನನ್ನ ತರಗತಿಯಲ್ಲಿ ಒಬ್ಬರು ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲುತ್ತಾರೆ, ಇನ್ನೊಬ್ಬರು ಮೆಲ್ಲನೆ ಜಾಬ್ ಹಾಕುತ್ತಾ ಬರುತ್ತಾರೆ. ತಪ್ಪಿಸಿಕೊಳ್ಳಲು ಇರುವುದು ಹೆಜ್ಜೆ ಮಾತ್ರ. ಪೆಟ್ಟು ತಗಲಿದರೆ ನಾನು ಸುತ್ತನ್ನು ನಿಲ್ಲಿಸುವುದಿಲ್ಲ. ಪಾದಗಳೆರಡೂ ಒಂದೇ ಸಾಲಿಗೆ ಬಂದಾಗ ನಿಲ್ಲಿಸುತ್ತೇನೆ.