ಚಿತ್ರಶಾಲೆಯಿಂದ ಚಿತ್ರಸಂತೆಗೆ: ಬೆಂಗಳೂರಿನ ಕಲಾವಿದರು ಉಳಿಸಿಕೊಂಡ ಜಾಗ

2016ರಲ್ಲಿ ಬೆಂಗಳೂರಿನ ಚಿತ್ರಕಾರರು, ಶಿಲ್ಪಿಗಳು, ಕಲಾ ವಿದ್ಯಾರ್ಥಿಗಳು ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ಪರವಾಗಿ ಪ್ರತಿಭಟನೆಗಿಳಿದರು. ದತ್ತು ಯೋಜನೆಯಡಿ ಅದನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ವಹಿಸಲು ಪ್ರವಾಸೋದ್ಯಮ ಇಲಾಖೆ ಒಪ್ಪಂದ ಮಾಡಿಕೊಂಡಿತ್ತು. ಕಟ್ಟಡಕ್ಕೆ ಹೊಸ ಕಳೆ ಬರುತ್ತದೆ ಎಂದರೂ ಕಲಾವಿದರೇ ಬೇಡವೆಂದದ್ದು ಹಲವರಿಗೆ ಒಗಟಾಗಿತ್ತು.

ಕೆ. ವೆಂಕಟಪ್ಪನವರು (1886–1965) ಮೈಸೂರಿನ ಚಿತ್ರಗಾರ ಮನೆತನದವರು. ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಬಳಿ ಕಲಿತರು. ವೀಣೆ ಶೇಷಣ್ಣನವರ ಶಿಷ್ಯರೂ ಆದರು. ಅವರು ಬರೆದ ಊಟಿ, ಕೊಡೈಕೆನಾಲ್‌ಗಳ ಜಲವರ್ಣ ಚಿತ್ರಗಳ ಮುಂದೆ ಅವಸರ ಮಾಡದೆ ನಿಲ್ಲಬೇಕು. ಬೆಟ್ಟದ ಸಾಲುಗಳ ನಡುವಿನ ಮಂಜು, ಹೊತ್ತಿಗೆ ತಕ್ಕಂತೆ ಬದಲಾಗುವ ಬೆಳಕು ಆಗ ಕಣ್ಣಿಗೆ ಹತ್ತುತ್ತವೆ. 1970ರ ದಶಕದಲ್ಲಿ ಅವರ ಹೆಸರಿನಲ್ಲಿ ತಲೆಯೆತ್ತಿದ ಸರ್ಕಾರಿ ಚಿತ್ರಶಾಲೆ ಅವರ ಕೃತಿಗಳನ್ನು ಕಾಪಾಡಿದ್ದಷ್ಟೇ ಅಲ್ಲ, ಅಲ್ಪ ಬಾಡಿಗೆಗೆ ಸಭಾಂಗಣ ಕೊಟ್ಟು ಕಿರಿಯ ಕಲಾವಿದರನ್ನೂ ಪೊರೆಯಿತು. ಹೆಸರು ಮಾಡದವರಿಗೆ ಖಾಸಗಿ ಗ್ಯಾಲರಿಯ ಬಾಗಿಲು ಸುಲಭಕ್ಕೆ ತೆರೆಯುವುದಿಲ್ಲ; ಅಂಥವರು ಮೊದಲ ಪ್ರದರ್ಶನ ಮಾಡಿದ್ದು ಇಲ್ಲೇ. ಆ ಬಾಗಿಲೂ ಮುಚ್ಚೀತೆಂಬ ಆತಂಕ ನ್ಯಾಯವಾದದ್ದೇ ಆಗಿತ್ತು.

ಕೊನೆಗೆ ಒಪ್ಪಂದ ಜಾರಿಯಾಗಲಿಲ್ಲ. ಪ್ರತಿಷ್ಠಾನದ ಹಿಂದಿದ್ದ ಸಂಗ್ರಾಹಕರು ಅದೇ ರಸ್ತೆಯಲ್ಲಿ ಸ್ವಂತ ಕಟ್ಟಡ ಕಟ್ಟಿಸಿ 2023ರಲ್ಲಿ 'ಮ್ಯಾಪ್' (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೋಗ್ರಫಿ) ಎಂಬ ವಸ್ತುಸಂಗ್ರಹಾಲಯ ತೆರೆದರು. ಊರಿಗೆ ಎರಡೂ ದಕ್ಕಿದವು.

ಕುಮಾರಕೃಪಾ ರಸ್ತೆಯಲ್ಲಿರುವ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಕಥೆ ಇನ್ನೂ ಹಿಂದಿನದು. 1960ರಲ್ಲಿ ಹುಟ್ಟಿದ ಈ ಸಂಸ್ಥೆಯನ್ನು ಬೆಳೆಸಿದವರು ಎಂ.ಎಸ್. ನಂಜುಂಡರಾವ್. ಆಟ ನಿಂತು ಮೂಲೆ ಸೇರುತ್ತಿದ್ದ ತೊಗಲುಗೊಂಬೆಗಳನ್ನು ಅವರು ಹುಡುಕಿ ತಂದರು, ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳನ್ನು ಕೂಡಿಸಿದರು. ಇಲ್ಲಿ ರಷ್ಯಾ ಮೂಲದ ಚಿತ್ರಕಾರರಾದ ರೋರಿಕ್ ತಂದೆ-ಮಗನ ಹಿಮಾಲಯದ ಚಿತ್ರಗಳ ಪಕ್ಕದಲ್ಲೇ ಜನಪದದ ತೊಗಲುಗೊಂಬೆಗೂ ಸರಿಸಮಾನ ಸ್ಥಾನವಿದೆ. ಪರಿಷತ್ತಿನ ದೊಡ್ಡತನ ನನಗೆ ಕಾಣುವುದು ಇದರಲ್ಲಿ.

ಇದೇ ಪರಿಷತ್ತು ಎರಡು ದಶಕಗಳ ಹಿಂದೆ ಚಿತ್ರಸಂತೆ ಆರಂಭಿಸಿತು. ಸಾಮಾನ್ಯವಾಗಿ ಜನವರಿಯ ಮೊದಲ ಭಾನುವಾರಗಳಲ್ಲೊಂದು ದಿನ ಕುಮಾರಕೃಪಾ ರಸ್ತೆಯಲ್ಲಿ ವಾಹನ ಸಂಚಾರ ನಿಲ್ಲುತ್ತದೆ. ಸಾವಿರಕ್ಕೂ ಹೆಚ್ಚು ಕಲಾವಿದರು ಪಾದಚಾರಿ ಮಾರ್ಗದುದ್ದಕ್ಕೂ ಚಿತ್ರ ಹರಡುತ್ತಾರೆ. ಮುಖಚಿತ್ರ ಬರೆಯುವವರ ಎದುರು ಮಕ್ಕಳು ಅಲುಗಾಡದೆ ಕೂರಲು ಹೆಣಗುತ್ತಾರೆ, ಹಿಂದೆ ನಿಂತ ಅಪರಿಚಿತರು ಮೂಗು ಹೋಲುತ್ತದೆಯೇ ಎಂದು ತೀರ್ಪು ಕೊಡುತ್ತಾರೆ. ನೂರಿನ್ನೂರು ರೂಪಾಯಿಯ ಚಿತ್ರವೂ ಉಂಟು, ಲಕ್ಷದ್ದೂ ಉಂಟು. 'ಮನೆಗೊಂದು ಕಲಾಕೃತಿ' ಎಂಬ ಘೋಷಣೆಗೆ ಇಲ್ಲಿ ಅರ್ಥವಿದೆ: ಗ್ಯಾಲರಿಯ ಮೆಟ್ಟಿಲು ಹತ್ತಲು ಹಿಂಜರಿಯುವ ಕುಟುಂಬ, ಬರೆದವರನ್ನೇ ಮಾತನಾಡಿಸಿ ಕೊಳ್ಳುತ್ತದೆ.

ಆದರೆ ಸಂತೆ ಒಂದು ದಿನದ್ದು. ಬೀದರಿನಿಂದಲೋ ಬಾದಾಮಿಯಿಂದಲೋ ಬಂದ ಯುವ ಕಲಾವಿದೆಗೆ ವಾರಗಟ್ಟಲೆ ಗೋಡೆ ಬೇಕು, ಚಿತ್ರ ತೂಗುಹಾಕಿ ವಿಮರ್ಶೆ ಕೇಳುವ ಅವಕಾಶ ಬೇಕು. 2009ರಲ್ಲಿ ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ ತೆರೆದ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಮೇರು ಕಲಾವಿದರನ್ನು ತೋರಿಸುತ್ತದೆ. ಹೊಸಬರ ಮೊದಲ ಪ್ರದರ್ಶನಕ್ಕೆ ಅದು ತಾಣವಲ್ಲ. ಆಕೆಯ ಕೈಗೆಟಕುವ ಬಾಡಿಗೆಗೆ ಸರ್ಕಾರಿ ಸಭಾಂಗಣ ಸಿಗಬೇಕು, ಬೆಂಗಳೂರಿನಲ್ಲಷ್ಟೇ ಅಲ್ಲ, ಜಿಲ್ಲೆಗಳಲ್ಲೂ.