ಒಕ್ಕೂಟ ಬೇಕು, ಓಟಿಗೆ ಮಾತ್ರ ಪುರುಸೊತ್ತಿಲ್ಲ: ಸ್ಲೊವಾಕಿಯಾದ ಇಪ್ಪತ್ತು ವರ್ಷ

2014ರ ಮೇ 24, ಶನಿವಾರ. ಸ್ಲೊವಾಕಿಯಾದಲ್ಲಿ ಐರೋಪ್ಯ ಸಂಸತ್ತಿನ 13 ಸೀಟುಗಳಿಗೆ ಮತದಾನ. ಪಟ್ಟಿಯಲ್ಲಿ 44 ಲಕ್ಷ ಮತದಾರರ ಹೆಸರಿತ್ತು. ಮತಗಟ್ಟೆಗೆ ಬಂದವರು ಆರು ಲಕ್ಷಕ್ಕೂ ಕಡಿಮೆ. ಅಂದರೆ ಶೇ 13.05. ಐರೋಪ್ಯ ಸಂಸತ್ತಿಗೆ ಚುನಾವಣೆ ಶುರುವಾದಂದಿನಿಂದ ಯಾವ ದೇಶವೂ ಇಷ್ಟು ಕೆಳಗೆ ಇಳಿದಿರಲಿಲ್ಲ.

ಇವರಿಗೆ ಐರೋಪ್ಯ ಒಕ್ಕೂಟ ಕಂಡರೆ ಆಗಲ್ಲ ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಹನ್ನೊಂದು ವರ್ಷ ಹಿಂದೆ ಇದೇ ಜನ ಒಕ್ಕೂಟ ಸೇರೋಣವೇ ಎಂದು ಕೇಳಿದಾಗ ಶೇ 92ಕ್ಕೂ ಹೆಚ್ಚು ಮಂದಿ ಹೂಂ ಅಂದಿದ್ದರು. ಆಮೇಲೆ 2009ರಲ್ಲಿ ಯೂರೋ ನಾಣ್ಯವನ್ನೂ ಒಪ್ಪಿಕೊಂಡರು. ಪಕ್ಕದ ಚೆಕ್, ಪೋಲೆಂಡ್, ಹಂಗೇರಿಗಳು ಅಷ್ಟು ದೂರ ಹೋಗಲಿಲ್ಲ.

ಆ 2003ರ ಜನಮತಗಣನೆಯಲ್ಲೇ ಒಂದು ಸುಳಿವಿತ್ತು. ಸ್ಲೊವಾಕಿಯಾದ ಸಂವಿಧಾನದ ಪ್ರಕಾರ ಅರ್ಧಕ್ಕಿಂತ ಜಾಸ್ತಿ ಮತದಾರರು ಬರದಿದ್ದರೆ ಜನಮತಗಣನೆ ಅಸಿಂಧು. ಹಾಗಾಗಿ ವಿರೋಧಿಸುವವರು ‘ಬೇಡ’ ಎಂದು ಓಟು ಹಾಕುವ ಕಷ್ಟ ತಗೊಳ್ಳಬೇಕಿಲ್ಲ, ಮನೆಯಲ್ಲಿ ಸುಮ್ನೆ ಕೂತರೆ ಸಾಕು. ಪಕ್ಷಗಳು ಈ ಉಪಾಯವನ್ನು ಬೇಗ ಕಲಿತವು. 1993ರಲ್ಲಿ ದೇಶ ಸ್ವತಂತ್ರವಾದ ಮೇಲೆ 2023ರವರೆಗೆ ನಡೆದ ಜನಮತಗಣನೆಗಳಲ್ಲಿ ಈ ಗಡಿ ದಾಟಿದ್ದು ಒಕ್ಕೂಟ ಸೇರುವ ಈ ಒಂದೇ ಒಂದು. ಅದೂ ಏದುಸಿರು ಬಿಡುತ್ತಾ, ಶೇ 52ಕ್ಕೆ. ಕಮ್ಯುನಿಸ್ಟರ ಕಾಲದಲ್ಲಿ ಶೇ 99ರ ಮೇಲೆ ಮತದಾನ ತೋರಿಸುತ್ತಿದ್ದ ನಾಡು ಇದು. ಓಟು ಹಾಕದೆ ಮನೆಯಲ್ಲಿರುವುದೂ ಒಂದು ಸ್ವಾತಂತ್ರ್ಯವೇ ಅಲ್ವಾ?

2004ರ ಮೇ 1ರಂದು ಸದಸ್ಯತ್ವ ಸಿಕ್ಕಿತು. ಆರು ವಾರಕ್ಕೇ ಮೊದಲ ಐರೋಪ್ಯ ಚುನಾವಣೆ. ಅಷ್ಟರಲ್ಲಿ ಏಪ್ರಿಲ್‌ನಲ್ಲಿ ಅಧ್ಯಕ್ಷರ ಚುನಾವಣೆ ಎರಡು ಸುತ್ತು ಮುಗಿದಿತ್ತು, ಜೊತೆಗೆ ಒಂದು ಜನಮತಗಣನೆಯೂ ಬಿದ್ದುಹೋಗಿತ್ತು. ಜೂನ್ 13ಕ್ಕೆ ಬಂದವರು ಶೇ 17ರಷ್ಟು. 2009ರಲ್ಲಿ ಶೇ 19.6. ಆಮೇಲೆ ಆ 13.

ಇಡೀ ಯುರೋಪಿನ ಕಥೆಯೂ ಇಳಿಜಾರಿನದೇ. 1979ರಲ್ಲಿ ಒಂಬತ್ತು ದೇಶಗಳ ಜನ ಮೊದಲ ಸಲ ನೇರವಾಗಿ ಈ ಸಂಸತ್ತನ್ನು ಆರಿಸಿದಾಗ ಶೇ 62 ಮತದಾನವಾಗಿತ್ತು. 2014ಕ್ಕೆ ಅದು ಶೇ 43ರ ಆಸುಪಾಸಿಗೆ ಬಂತು. ವಿಚಿತ್ರ ಎಂದರೆ, ಅದೇ ಹೊತ್ತಿಗೆ ಸಂಸತ್ತಿನ ಅಧಿಕಾರ ಏರುತ್ತಾ ಹೋಯಿತು. ಶುರುವಿನಲ್ಲಿ ಕಾನೂನಿನ ವಿಷಯದಲ್ಲಿ ಬರೀ ಸಲಹೆ ಕೊಡುತ್ತಿದ್ದ ಸಭೆ, ಮಾಸ್ಟ್ರಿಕ್ಟ್ ಮತ್ತು ಲಿಸ್ಬನ್ ಒಪ್ಪಂದಗಳ ನಂತರ ಹೆಚ್ಚಿನ ಕಾನೂನುಗಳಲ್ಲಿ ಸರ್ಕಾರಗಳಿಗೆ ಸರಿಸಮ ಪಾಲುದಾರ. ಒಕ್ಕೂಟದೊಳಗೆ ಎಲ್ಲಿ ಹೋದರೂ ಮೊಬೈಲ್ ರೋಮಿಂಗ್ ದರ ಇಲ್ಲದಂತಾಗಿದ್ದರಲ್ಲಿ ಈ ಸಂಸತ್ತಿನ ಪಾಲು ದೊಡ್ಡದು.

ಆದರೆ ಮತದಾರನ ಕಣ್ಣಿಗೆ ಬೀಳುವುದೇ ಬೇರೆ. ಮತಗಟ್ಟೆಯಲ್ಲಿ ಅವನ ಕೈಗೆ ಒಂದು ಕಟ್ಟು ಕಾಗದ ಕೊಡುತ್ತಾರೆ, ಪಕ್ಷಕ್ಕೊಂದು ಹಾಳೆ. 2014ರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಹಾಳೆಗಳಿದ್ದವು. ಪರದೆಯ ಹಿಂದೆ ಹೋಗಿ ಒಂದನ್ನು ಆರಿಸಿ, ಬೇಕಿದ್ದರೆ ಇಬ್ಬರು ಅಭ್ಯರ್ಥಿಗಳ ಸಂಖ್ಯೆಗೆ ಸುತ್ತು ಹಾಕಿ, ಲಕೋಟೆಯಲ್ಲಿಟ್ಟು ಪೆಟ್ಟಿಗೆಗೆ ಹಾಕಬೇಕು. ಇಷ್ಟೆಲ್ಲ ಮಾಡಿದ ಮೇಲೆ ರಾಜಧಾನಿ ಬ್ರಾಟಿಸ್ಲಾವಾದಲ್ಲಿ ಸರ್ಕಾರ ಬೀಳುವುದೂ ಇಲ್ಲ, ಏಳುವುದೂ ಇಲ್ಲ. ಹೊರದೇಶದಲ್ಲಿ ದುಡಿಯುವವರಿಗೆ ಇನ್ನೊಂದು ತೊಡಕು. ದೇಶದ ಸಂಸತ್ತಿನ ಚುನಾವಣೆಗೆ ಅವರು ಅಂಚೆಯಲ್ಲಿ ಓಟು ಕಳಿಸಬಹುದು, ಐರೋಪ್ಯ ಚುನಾವಣೆಗೆ ಆ ಸೌಲಭ್ಯವಿಲ್ಲ. ಆಸ್ಟ್ರಿಯಾದ ಮನೆಗಳಲ್ಲಿ ಮುದುಕರನ್ನು ನೋಡಿಕೊಳ್ಳಲು ಹೋಗುವ ಸ್ಲೊವಾಕ್ ಹೆಂಗಸರು ಬಹಳ ಮಂದಿ. ಎರಡು ವಾರ ಅಲ್ಲಿ, ಎರಡು ವಾರ ಊರಲ್ಲಿ. ಚುನಾವಣೆಯ ಶನಿವಾರ ಅವರ ಪಾಳಿ ಅಲ್ಲಿ ಬಿದ್ದರೆ ಇಲ್ಲಿನ ಓಟು ಹೋದಂತೆಯೇ. ಒಕ್ಕೂಟದ ಗಡಿ ದಾಟಿ ದುಡಿಯುವವರೇ ಒಕ್ಕೂಟದ ಚುನಾವಣೆಗೆ ಸಿಗುವುದಿಲ್ಲ!

ಪಕ್ಷಗಳೂ ಇದಕ್ಕೆ ಬೆವರು ಸುರಿಸಲಿಲ್ಲ. ರಾಬರ್ಟ್ ಫಿಟ್ಸೊ ಅವರ ಸ್ಮೆರ್ ಪಕ್ಷಕ್ಕೆ 2012ರ ದೇಶದ ಚುನಾವಣೆಯಲ್ಲಿ 11 ಲಕ್ಷಕ್ಕೂ ಹೆಚ್ಚು ಮತ ಬಿದ್ದಿತ್ತು. ಎರಡೇ ವರ್ಷದ ನಂತರ ಐರೋಪ್ಯ ಚುನಾವಣೆಯಲ್ಲಿ 1.35 ಲಕ್ಷ. ಆದರೂ ಮೊದಲ ಸ್ಥಾನ ಅವರದ್ದೇ, ನಾಲ್ಕು ಸೀಟೂ ಬಂತು. ಹಂಗೇರಿಯನ್ ಭಾಷಿಕರ ಬೆಂಬಲವಿದ್ದ ಒಂದು ಪಕ್ಷಕ್ಕೆ ಸುಮಾರು 33 ಸಾವಿರ ಮತಕ್ಕೇ ಒಂದು ಸೀಟು. ಬೆಂಬಲಿಗರು ಕಡಿಮೆಯಿದ್ದರೂ ತಪ್ಪದೆ ಬರುವವರಾದರೆ ಸಾಕು ಅನ್ನುವುದು ಎಲ್ಲರಿಗೂ ಗೊತ್ತಾಗಿ ಹೋಯಿತು. 2019ರಲ್ಲಿ ಮರಿಯನ್ ಕೊಟ್ಲೆಬಾ ಅವರ ಕಟ್ಟಾ ಬಲಪಂಥೀಯ ಪಕ್ಷ ಸುಮಾರು 1.19 ಲಕ್ಷ ಮತದಲ್ಲಿ ಎರಡು ಸೀಟು ಗೆದ್ದಿತು.

ಜನ ಹೊರಗೆ ಬಂದಿದ್ದು ಮನೆಜಗಳ ಜೋರಾದಾಗ. 2018ರ ಫೆಬ್ರುವರಿಯಲ್ಲಿ ಭ್ರಷ್ಟಾಚಾರದ ಬಗ್ಗೆ ಬರೆಯುತ್ತಿದ್ದ ಪತ್ರಕರ್ತ ಯಾನ್ ಕುಟ್ಸಿಯಾಕ್ ಮತ್ತು ಅವರು ಮದುವೆಯಾಗಲಿದ್ದ ಹುಡುಗಿಯ ಕೊಲೆಯಾಯಿತು. ಬೀದಿಗಳು ತುಂಬಿದವು, ಫಿಟ್ಸೊ ಪ್ರಧಾನಿ ಪಟ್ಟ ಬಿಟ್ಟರು. ಮರುವರ್ಷ ಮಾರ್ಚ್‌ನಲ್ಲಿ ಜುಜಾನಾ ಚಾಪುತೋವಾ ದೇಶದ ಅಧ್ಯಕ್ಷೆಯಾಗಿ ಆಯ್ಕೆಯಾದರು. ಮೇನಲ್ಲಿ ಐರೋಪ್ಯ ಮತದಾನ ಶೇ 22.7ಕ್ಕೆ ಏರಿತು.

2024ರಲ್ಲಿ ಇನ್ನೂ ಜಾಸ್ತಿ. ಅಷ್ಟರಲ್ಲಿ ಮತ್ತೆ ಪ್ರಧಾನಿಯಾಗಿದ್ದ ಫಿಟ್ಸೊ ಮೇಲೆ ಮೇ 15ರಂದು ಹಾಂಡ್ಲೊವಾ ಊರಿನಲ್ಲಿ ಗುಂಡಿನ ದಾಳಿ ನಡೆಯಿತು. ದೊಡ್ಡ ಪಕ್ಷಗಳು ಪ್ರಚಾರ ನಿಲ್ಲಿಸಿದವು. ಮತದಾನಕ್ಕೆ ಮೂರು ದಿನ ಇರುವಾಗ ಫಿಟ್ಸೊ ವಿಡಿಯೊದಲ್ಲಿ ಕಾಣಿಸಿಕೊಂಡು ವಿರೋಧಿಗಳನ್ನು ತರಾಟೆಗೆ ತೆಗೆದುಕೊಂಡರು. ಜೂನ್ 8ರಂದು ಶೇ 34.4 ಮತದಾನವಾಯಿತು, ಈ ಚುನಾವಣೆಯ ಮಟ್ಟಿಗೆ ಅದು ಸ್ಲೊವಾಕಿಯಾದ ದಾಖಲೆ. ವಿರೋಧ ಪಕ್ಷ ಪ್ರೋಗ್ರೆಸಿವ್ ಸ್ಲೊವಾಕಿಯಾಕ್ಕೆ ಆರು ಸೀಟು, ಸ್ಮೆರ್‌ಗೆ ಐದು. ಕೊನೆಯ ಸ್ಥಾನದ ಅಪಖ್ಯಾತಿ ಆ ಸಲ ಶೇ 21ರ ಕ್ರೊಯೇಷಿಯಾದ ಪಾಲಾಯಿತು.

ನನಗೆ ಅನಿಸುವುದು ಇಷ್ಟು: ಶೇ 13 ಬಂದಾಗಲೂ ಮಾತು ಯುರೋಪಿನದ್ದಾಗಿರಲಿಲ್ಲ, ಶೇ 34 ಬಂದಾಗಲೂ ಆಗಿರಲಿಲ್ಲ. ಆರಿಸಿ ಹೋದವರ ಗತಿಯನ್ನೇ ನೋಡಿ. ಯುರೋಪಿನ ಸಮಾಜವಾದಿ ಪಕ್ಷಗಳ ಕೂಟದವರು 2023ರಲ್ಲೇ ಸ್ಮೆರ್ ಮತ್ತು ಅದರ ಮಿತ್ರಪಕ್ಷ ಹ್ಲಾಸ್‌ನ ಸದಸ್ಯತ್ವ ಅಮಾನತು ಮಾಡಿದ್ದರು. ಐರೋಪ್ಯ ಸಂಸತ್ತಿನಲ್ಲಿ ಸಮಿತಿಯ ಅಧ್ಯಕ್ಷತೆ, ಕರಡು ಬರೆಯುವ ಕೆಲಸ, ಮಾತಾಡುವ ಸಮಯ ಎಲ್ಲವೂ ಬೇರೆ ಬೇರೆ ದೇಶಗಳ ಪಕ್ಷಗಳು ಸೇರಿ ಕಟ್ಟಿಕೊಂಡ ಗುಂಪುಗಳ ಮೂಲಕವೇ ಹಂಚಿಕೆ. ದೇಶಕ್ಕೆ ಸಿಕ್ಕ 15 ಸೀಟುಗಳಲ್ಲಿ ಸ್ಮೆರ್‌ನ ಐದು, ಹ್ಲಾಸ್‌ನ ಒಂದು, ಒಟ್ಟು ಆರು ಮಂದಿ 2024ರಲ್ಲಿ ಯಾವ ಗುಂಪಿಗೂ ಸೇರದವರ ಸಾಲಿನಲ್ಲಿ ಹೋಗಿ ಕೂತರು.