ಕೋಲ್‌ಬರ್ಗ್ ಹಂತಗಳು: ನಾನು ತಪ್ಪಿದ್ದೆಲ್ಲಿ?

ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಎರಡನೇ ಸಲ ಕೂರುತ್ತಿದ್ದೇನೆ. ಶಿಶು ವಿಕಸನದ 30 ಅಂಕದಲ್ಲಿ ಹೋದ ಸಲ ನನಗೆ ಕೈಕೊಟ್ಟಿದ್ದು ನೈತಿಕ ವಿಕಾಸ, ಅಂದರೆ ಸರಿ-ತಪ್ಪು ಅಳೆಯುವ ಬುದ್ಧಿ ಬೆಳೆಯುವ ಬಗೆ. ನಿನ್ನೆ ರಾತ್ರಿ ಅದು ತಲೆಗೆ ಹತ್ತಿದಂತಾಯಿತು. ಇಳಿದುಹೋಗುವ ಮೊದಲು ಬರೆದಿಡುತ್ತಿದ್ದೇನೆ.

ಸ್ವಿಸ್ ಮನೋವಿಜ್ಞಾನಿ ಪಿಯಾಜೆ ಸುಲಭ, ಬೇಗ ಮುಗಿಸುತ್ತೇನೆ. ಪುಸ್ತಕ 1932ರದು, ಮಕ್ಕಳಿಗೆ ಹೇಳಿ ಕೇಳಿದ ಕಥೆ ಹೀಗೆ. ಬಾಗಿಲು ತಳ್ಳಿದಾಗ ಗೊತ್ತಿಲ್ಲದೆ 15 ಕಪ್ ಒಡೆದ ಹುಡುಗ ಒಬ್ಬ. ಅವ್ವ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದೇ ಕಪ್ ಒಡೆದವನು ಇನ್ನೊಬ್ಬ. ಯಾರದು ದೊಡ್ಡ ತಪ್ಪು? ಸಣ್ಣ ಮಕ್ಕಳು ಕಪ್ ಎಣಿಸುತ್ತಾರೆ, ದೊಡ್ಡವರಾದಂತೆ ಉದ್ದೇಶ ನೋಡುತ್ತಾರೆ.

ಇನ್ನು ಅಮೆರಿಕದ ಮನೋವಿಜ್ಞಾನಿ ಕೋಲ್‌ಬರ್ಗ್. 1958ರ ಪಿಎಚ್‌ಡಿ ಪ್ರಬಂಧ, ಶಿಕಾಗೋ ಕಡೆಯ 10, 13, 16 ವರ್ಷದ 72 ಹುಡುಗರು. ಅವರ ಮುಂದಿಟ್ಟ ಕಥೆ: ಹೀಂಜ್ ಎಂಬವನ ಹೆಂಡತಿಗೆ ಕ್ಯಾನ್ಸರ್. 200 ಡಾಲರ್ ಖರ್ಚಿನ ಔಷಧಿಗೆ ಅಂಗಡಿಯವನು 2000 ಕೇಳುತ್ತಾನೆ, ಹೀಂಜ್‌ಗೆ ಹೊಂದಿದ್ದು 1000 ಮಾತ್ರ. ಕದಿಯುತ್ತಾನೆ. ಸರಿಯೋ ತಪ್ಪೋ?

ಮೊದಲು ಹೆಸರುಗಳೇ ನನ್ನನ್ನು ಕೆಡವಿದವು. ‘ಸಾಂಪ್ರದಾಯಿಕ’ ಅಂದರೆ ಹಬ್ಬ, ಮಡಿ ಎಂದುಕೊಂಡಿದ್ದೆ. ಇಲ್ಲಿ ಅದರರ್ಥ ಸಮಾಜ ಒಪ್ಪಿಕೊಂಡ ರೀತಿನೀತಿ. ‘ಉತ್ತರ ಸಾಂಪ್ರದಾಯಿಕ’ದ ಉತ್ತರ ಎಂದರೆ ಆಮೇಲಿನದು, ಉತ್ತರಾರ್ಧ ಅನ್ನುತ್ತೇವಲ್ಲ ಹಾಗೆ. ಪೂರ್ವ, ಸಾಂಪ್ರದಾಯಿಕ, ಉತ್ತರ: ಮೂರು ಮಟ್ಟ, ಒಂದೊಂದರಲ್ಲಿ ಎರಡೆರಡು ಹಂತ.

ನಿಜವಾಗಿ ಎಡವಿದ್ದು ಮುಂದೆ. ‘ಕದಿಯಬಾರದು’ ಎಂದವನು ಮೇಲಿನ ಹಂತದವನು, ‘ಕದಿಯಲಿ’ ಎಂದವನು ಕೆಳಗಿನವನು ಎಂದು ತಿಳಿದು ಉತ್ತರ ಟಿಕ್ ಮಾಡುತ್ತಾ ಹೋಗಿದ್ದೆ. ಹಾಗಲ್ಲ. ಹೌದು-ಅಲ್ಲ ಎಂಬುದಕ್ಕೆ ಬೆಲೆಯೇ ಇಲ್ಲ, ಕೊಟ್ಟ ಕಾರಣಕ್ಕೆ ಮಾತ್ರ ಹಂತ. ಹೀಂಜ್ ನನಗೆ ದೂರದವನು. ನಮ್ಮ ರಾಯಚೂರು ಜಿಲ್ಲೆಯ ಕಥೆ ಹಾಕಿಕೊಂಡ ಮೇಲೆ ಬಗೆಹರಿಯಿತು.

ತುಂಗಭದ್ರಾ ಎಡದಂಡೆ ಕಾಲುವೆ, ಕೊನೆ ಭಾಗದ ರೈತ. ಭತ್ತ ಹೊಡೆ ತುಂಬುವ ಹೊತ್ತಿಗೆ ನೀರಿಲ್ಲ. ರಾತ್ರಿ ಹೋಗಿ ಮೇಲಿನ ಗೇಟ್ ಎತ್ತಬೇಕೋ ಬೇಡವೋ? ಇದನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಕೇಳಿದೆ.

ತಮ್ಮ ಅಂದ: ‘ಬ್ಯಾಡ, ಗ್ಯಾಂಗ್‌ಮನ್ ಹಿಡಿದ್ರ ಕೇಸ್ ಆಗ್ತೈತಿ.’ ಮರುಕ್ಷಣ, ‘ಯಾರೂ ನೋಡಂಗಿಲ್ಲಂದ್ರ ಎತ್ತಲಿ ಬಿಡು.’ ಎರಡು ಉತ್ತರ, ಹಂತ ಒಂದೇ: ಮೊದಲನೆಯದು, ಶಿಕ್ಷೆಯ ಲೆಕ್ಕ. ಕಾಕಾ: ‘ಈ ಸಲ ನಾ ಸುಮ್ನಿದ್ರ, ಮುಂದ ಅವ್ರೂ ನನಗ ನೀರು ಬಿಡ್ತಾರ.’ ಇದು ಎರಡು, ಕೊಡು-ಕೊಳ್ಳುವ ವ್ಯವಹಾರ. ಅವ್ವ: ‘ಮಕ್ಕಳನ್ನ ಉಪವಾಸ ಕೆಡವಿದ್ರ ಮಂದಿ ಏನಂತಾರ? ಎತ್ತಲಿ.’ ಮೂರು. ಅಪ್ಪ: ‘ಒಬ್ಬ ಎತ್ತಿದ್ರ ಎಲ್ಲಾರೂ ಎತ್ತತಾರ, ಆಮ್ಯಾಲೆ ಪಾಳಿ ಅನ್ನೂದೇ ಉಳಿಯಂಗಿಲ್ಲ.’ ನಾಲ್ಕು. ಪಾಳಿ ಮಾಡಿದ್ದೇ ಎಲ್ಲರಿಗೂ ನೀರು ಮುಟ್ಟಲಿ ಎಂದು, ಮುಟ್ಟದಿದ್ದರೆ ಎಲ್ಲರೂ ಕೂತು ಪಾಳಿಯನ್ನೇ ಬದಲಿಸಬೇಕು ಎಂದರೆ ಐದು; ಅದನ್ನು ನಮ್ಮನೆಯಲ್ಲಿ ಯಾರೂ ಹೇಳಲಿಲ್ಲ. ಆರನೆಯದು ಸಾರ್ವತ್ರಿಕ ತತ್ವ. ಅಲ್ಲಿಗೆ ಮುಟ್ಟಿದವರು ಸಿಗುವುದೇ ಅಪರೂಪವೆಂದು ಕೋಲ್‌ಬರ್ಗ್‌ನೇ ಮುಂದೆ ಅಂಕ ಕೊಡುವ ಲೆಕ್ಕದಿಂದ ಅದನ್ನು ಕೈಬಿಟ್ಟ.

3 ಮತ್ತು 4 ಈಗಲೂ ಕಲಸುತ್ತವೆ. ಅದಕ್ಕೆ ನನ್ನ ಸೂತ್ರ: ಇವನು ಯಾವುದಕ್ಕೆ ಅಂಜುತ್ತಾನೆ? ಬಡಿಗೆಗೆ ಅಂದರೆ 1, ನಷ್ಟಕ್ಕೆ 2, ಮಂದಿ ಬಾಯಿಗೆ 3, ವ್ಯವಸ್ಥೆ ಕೆಡುವುದಕ್ಕೆ 4. ಹಳೆ ಪ್ರಶ್ನೆಪತ್ರಿಕೆಗಳ ಮೇಲೆ ಓಡಿಸಿ ನೋಡಿದೆ, ಹೆಚ್ಚುಕಡಿಮೆ ಎಲ್ಲ ಕೂತವು. ಐದಕ್ಕೆ ಮಾತ್ರ ಈ ಸೂತ್ರ ನಡೆಯುವುದಿಲ್ಲ, ಅಲ್ಲಿ ಅಂಜಿಕೆಯೇ ಇಲ್ಲ.

ಕೋಲ್‌ಬರ್ಗ್‌ನನ್ನು ಟೀಕಿಸಿದ ಮನೋವಿಜ್ಞಾನಿ ಗಿಲಿಗನ್, 1982: ಬರೀ ಹುಡುಗರನ್ನು ಕೇಳಿ ಕಟ್ಟಿದ ಏಣಿ ಇದು, ಕಾಳಜಿಯ ದನಿಗೆ ಇದರಲ್ಲಿ ಜಾಗವಿಲ್ಲ ಎಂಬ ತಕರಾರು. ಹೆಸರೂ ತಕರಾರೂ ನೆನಪಿದ್ದರೆ ಸಾಕು.

ಸ್ವನಿಯಂತ್ರಣಕ್ಕೆ ಮನೋವಿಜ್ಞಾನಿ ಮಿಶೆಲ್‌ನ ಮಾರ್ಷ್‌ಮ್ಯಾಲೋ (ಮೆತ್ತನೆಯ ಸಿಹಿ ಮಿಠಾಯಿ) ಪ್ರಯೋಗ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ. ಮಗು ಈಗಲೇ ತಿಂದರೆ ಒಂದು, ಕಾದರೆ ಎರಡು. ಅಕ್ಕನ ಮಗನ ಮೇಲೆ ಮಾಡಿದೆ, ನಾಲ್ಕು ವರ್ಷದವನು. ತಟ್ಟೆಯಲ್ಲಿ ಮಂಡಾಳ ಒಗ್ಗರಣೆ, ಪಕ್ಕಕ್ಕೆ ಒಂದು ಮಿರ್ಚಿ ಭಜಿ. ‘ನಾ ಬರೋತನಕ ಮುಟ್ಟಬ್ಯಾಡ, ಎರಡು ಕೊಡ್ತೀನಿ.’ ನಾನು ಹೊಸ್ತಿಲು ದಾಟುವ ಮೊದಲೇ ತೊಟ್ಟು ಮಾತ್ರ ಉಳಿದಿತ್ತು. ‘ಮಾಮಾ, ನೀ ಸಿಂಧನೂರಿಂದ ಐಸ್‌ಕ್ರೀಂ ತರ್ತೀನಿ ಅಂದು ತರ್ಲೇ ಇಲ್ಲಲ್ಲ’ ಅಂದ. ಇದನ್ನೇ 2013ರಲ್ಲಿ ಕಿಡ್ ಮತ್ತು ಸಂಗಡಿಗರು 28 ಮಕ್ಕಳಲ್ಲಿ ತೋರಿಸಿದ್ದಾರೆ. ಮೊದಲು ಮಾತು ಉಳಿಸಿಕೊಂಡವರ ಎದುರು ಮಕ್ಕಳು ಸರಾಸರಿ 12 ನಿಮಿಷ ಕಾದರು, ಮಾತು ತಪ್ಪಿದವರ ಎದುರು 3 ನಿಮಿಷ. ‘ಕಾಯದ ಮಗುವಿಗೆ ಸಂಯಮವಿಲ್ಲ’ ಎಂಬ ಆಯ್ಕೆ ಕಂಡರೆ ಒಂದು ಗಳಿಗೆ ತಡೆದು ಟಿಕ್ ಮಾಡಿ.

ನೆರವಿನ ವರ್ತನೆ: ಸಂಶೋಧಕರಾದ ವಾರ್ನೆಕೆನ್ ಮತ್ತು ಟೊಮಾಸೆಲ್ಲೋ, 2006. ಬಟ್ಟೆ ಒಣಹಾಕುವವರ ಕೈಯಿಂದ ಕ್ಲಿಪ್ ಜಾರಿದರೆ 18 ತಿಂಗಳ ಕೂಸುಗಳೂ ಎತ್ತಿಕೊಟ್ಟವು, ಯಾರೂ ಹೇಳದೆ. ಅವರದೇ 2008ರ ಪ್ರಯೋಗ ಇನ್ನೂ ಸೋಜಿಗ: ಹಾಗೆ ಎತ್ತಿಕೊಟ್ಟಾಗ ಬಹುಮಾನ ಪಡೆದ 20 ತಿಂಗಳ ಮಕ್ಕಳು ಆಮೇಲೆ ನೆರವಾಗುವುದನ್ನೇ ಕಡಿಮೆ ಮಾಡಿದರು. ಇದನ್ನು ಬರೆಯುವಾಗ ನನ್ನ ಪೆನ್ನು ಮಂಚದ ಕೆಳಗೆ ಉರುಳಿತು. ಮಿರ್ಚಿ ತಿಂದವನೇ ತೆವಳಿ ಹೋಗಿ ತಂದುಕೊಟ್ಟ. ಜೇಬಿನಲ್ಲಿ ಚಾಕ್ಲೇಟ್ ಇತ್ತು, ತೆಗೆಯಲಿಲ್ಲ.